ಮಳೆನೀರು ನುಗ್ಗಿದ ಮನೆಯಲ್ಲಿ ಬೂಷ್ಟು ತೆಗೆಸುವುದು ಹೇಗೆ

ನೀರು ಇಳಿದ ಕೂಡಲೇ ಪೇಂಟರಿಗೆ ಫೋನ್ ಮಾಡಬೇಡಿ. ನಾವು ಹಾಗೆ ಮಾಡಿ ದುಡ್ಡು ಕಳೆದುಕೊಂಡೆವು. ಕೆಳಗಿನ ಕೋಣೆಗೆ ನೀರು ನುಗ್ಗಿತ್ತು, ಗೋಡೆಯ ತುಂಬ ಕಪ್ಪು ಬೂಷ್ಟು ಎದ್ದಿತ್ತು, ಬಂದವರು ಅದನ್ನು ಒರೆಸಿ ಪುಟ್ಟಿ ಎಳೆದು ಎರಡು ಕೋಟ್ ಪೇಂಟ್ ಹೊಡೆದು ಹೋದರು, ಆಟಿ ತಿಂಗಳು (ಜುಲೈ-ಆಗಸ್ಟ್‌ನ ಮಳೆಗಾಲ) ಮುಗಿಯುವುದರೊಳಗೆ ಪೇಂಟ್ ಗುಳ್ಳೆ ಎದ್ದು ಅದೇ ಕಪ್ಪು ಮತ್ತೆ ಬಂತು. ಅಮ್ಮನಿಗೆ ದಮ್ಮು ಇದೆ. ಆ ಕೋಣೆಯಲ್ಲಿ ಮಲಗಿದರೆ ರಾತ್ರಿಯಿಡೀ ಕೆಮ್ಮು. ಎರಡನೇ ಸಲ ಬೂಷ್ಟು ತೆಗೆಯುವ ಕೆಲಸವನ್ನೇ ಮಾಡುವವರನ್ನು ಕರೆಸಿದೆವು, ಅವರ ಪಕ್ಕ ನಿಂತು ಕೇಳಿ ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಅದು ಬೂಷ್ಟೇ ಹೌದಾ ನೋಡಿ. ನಮ್ಮ ಕರಾವಳಿ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ನೆಲದ ಪಸೆ ಹೀರುತ್ತದೆ, ಒಣಗುವಾಗ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ. ಎರಡು ಹನಿ ನೀರು ಹಾಕಿ. ಕರಗಿದರೆ ಉಪ್ಪು. ಬೂಷ್ಟು ಕರಗುವುದಿಲ್ಲ, ಮುಗ್ಗಲು ವಾಸನೆಯೂ ಇರುತ್ತದೆ.

ಸಣ್ಣ ಜಾಗವಾದರೆ, ಅಂದರೆ ಹೆಚ್ಚೆಂದರೆ ಮೂರಡಿ ಅಗಲ ಮೂರಡಿ ಎತ್ತರ, ಎನ್95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಂಡು ನೀವೇ ಸೋಪುನೀರಲ್ಲಿ ಉಜ್ಜಬಹುದು. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಒಳಗೆ ಬಂದದ್ದು ಚರಂಡಿ ಸೇರಿದ ನೆರೆನೀರಾದರೆ, ಕೆಲಸ ಗೊತ್ತಿರುವವರನ್ನೇ ಕರೆಯಿರಿ. 2018ರ ಮೇ 29ರಂದು ಮಂಗಳೂರಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯಲ್ಲಿ ಮನೆಗಳಿಗೆ ನುಗ್ಗಿದ ನೀರು ನೆನಪಿದೆಯಲ್ವಾ, ಅಂಥದ್ದು. ತಡ ಮಾಡಬೇಡಿ. ಒದ್ದೆಯಾದ ವಸ್ತುವಿನಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಬೆಳೆಯಲು ಶುರುವಾಗುತ್ತದೆ.

ಬಂದವರು ಮೊದಲು ಏನು ಕೇಳುತ್ತಾರೆ ಎಂಬುದರಲ್ಲೇ ಅವರ ಕೆಲಸ ಗೊತ್ತಾಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು: ಟೆರೇಸಿನ ಬಿರುಕು, ಮೇಲಿನ ಮನೆಯ ಬಾತ್‌ರೂಮು, ಒಳಗೆ ಒಡೆದ ಪೈಪು, ಗಾಳಿಮಳೆ ನೇರ ಹೊಡೆಯುವ ಪಡುಬದಿಯ ಗೋಡೆ. ತೇವ ಅಳೆಯುವ ಮೀಟರ್ ತಂದಿರಬೇಕು. ಅದನ್ನು ಒದ್ದೆ ಗೋಡೆಗೂ ನಿಮ್ಮದೇ ಮನೆಯ ಒಣ ಗೋಡೆಗೂ ಹಿಡಿದು, ಮೀಟರ್ ತೋರಿಸುವ ಎರಡೂ ಲೆಕ್ಕ ನಿಮ್ಮೆದುರೇ ಬರೆದಿಡಲಿ. ಲೀಕಿನ ವಿಷಯ ಎತ್ತದೆ ಸೀದಾ ಸ್ಪ್ರೇ ಬಾಟಲಿ ತೆಗೆದರೆ ಅಲ್ಲೇ ಬೇಡ ಅನ್ನಿ.

ಉಜ್ಜುವಾಗ ಬೂಷ್ಟಿನ ಕಣ ಗಾಳಿಗೆ ಹಾರಿ ಇಡೀ ಮನೆಗೆ ಹರಡುತ್ತದೆ. ಹಾಗಾಗಿ ಕೋಣೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಬೇಕು, ಫ್ಯಾನ್ ಮತ್ತು ಎಸಿ ಬಂದ್, ಕಿಟಕಿಯಲ್ಲಿ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ ಒಂದೇ ಓಡಬೇಕು. ಮಕ್ಕಳು, ವಯಸ್ಸಾದವರು, ದಮ್ಮಿನವರು ಆ ದಿನ ಮನೆಯಲ್ಲಿ ಇರುವುದು ಬೇಡ.

ಆಮೇಲೆ ಎಸೆಯುವುದು. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಬೂಷ್ಟು ಹಿಡಿದ ಜಿಪ್ಸಮ್ ಸೀಲಿಂಗ್, ಉಬ್ಬಿದ ಪ್ಲೈವುಡ್, ಹತ್ತಿ ಹಾಸಿಗೆ, ಇವುಗಳ ಒಳಗೇ ಬೇರು ಇಳಿದಿರುತ್ತದೆ, ಮೇಲೆ ಒರೆಸಿ ಪ್ರಯೋಜನ ಇಲ್ಲ. ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಒಯ್ಯಲಿ. ಸಾಗುವಾನಿ, ಹಲಸಿನ ಗಟ್ಟಿಮರದ ಸಾಮಾನು ಹೆಚ್ಚಾಗಿ ಉಳಿಯುತ್ತದೆ, ತೊಳೆದು ಒಣಗಿಸಿ ಪಾಲಿಶ್ ಕಾಗದದಲ್ಲಿ ಉಜ್ಜಿದರೆ ಸಾಕು. ಗೋಡೆಯ ಹಳೇ ಪೇಂಟ್, ಪುಟ್ಟಿ ಕೆರೆದು, ಟೊಳ್ಳು ಸದ್ದು ಬರುವ ಪ್ಲಾಸ್ಟರ್ ಒಡೆದು, ಸೋಪುನೀರಲ್ಲಿ ಉಜ್ಜಿ ಒರೆಸಿ, ಕೊನೆಗೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಹಿಡಿಯಬೇಕು. ಮಾಮೂಲಿ ವ್ಯಾಕ್ಯೂಮ್ ಆ ಸಣ್ಣ ಕಣಗಳನ್ನು ಹಿಂದಿನಿಂದ ಊದಿಬಿಡುತ್ತದೆ.

ಬ್ಲೀಚ್ ಸುರಿದರೆ ಎಲ್ಲ ಸರಿ ಎನ್ನುವವರನ್ನು ನಂಬಬೇಡಿ. ಗೋಡೆಯ ಒಳಗೆ ಇಳಿದದ್ದನ್ನು ಅದು ಮುಟ್ಟುವುದಿಲ್ಲ. ಸತ್ತ ಬೂಷ್ಟಿಗೂ ಅಲರ್ಜಿ ಬರುತ್ತದೆ, ಅದನ್ನು ಅಲ್ಲಿಂದ ತೆಗೆಯಲೇಬೇಕು. ಇನ್ನೊಂದು, ಬ್ಲೀಚ್ ಜೊತೆ ಬಾತ್‌ರೂಮು ತೊಳೆಯುವ ಆ್ಯಸಿಡ್ ಆಗಲಿ ಅಮೋನಿಯಾ ಆಗಲಿ ಸೇರಿಸಬೇಡಿ. ವಿಷದ ಗ್ಯಾಸ್ ಏಳುತ್ತದೆ.

ಈಗ ಒಣಗಿಸುವುದು. ನಮ್ಮ ಊರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸ ಮುಗಿದ ಮೇಲೆ ಕಿಟಕಿ ತೆರೆದು ಫ್ಯಾನ್ ಹಾಕಿ ಬಿಡುತ್ತಾರೆ. ಬೇಸಿಗೆಯಲ್ಲಾದರೆ ಸರಿ, ಆದರೆ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ಒದ್ದೆ, ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದ ಗಾಳಿಯಲ್ಲಿ ಗೋಡೆ ಒಣಗುತ್ತದಾ? ಕಿಟಕಿ ಬಾಗಿಲು ಮುಚ್ಚಿ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಇಡಬೇಕು. ನಮ್ಮಲ್ಲಿ ದಿನಕ್ಕೆರಡು ಸಲ ಅದರ ನೀರಿನ ಡಬ್ಬಿ ಖಾಲಿ ಮಾಡಿದ್ದೇವೆ. ಕೋಣೆಯ ಗಾಳಿಯ ತೇವ ಶೇಕಡಾ 60ಕ್ಕಿಂತ ಕೆಳಗೆ ಇರಬೇಕು, 50 ಆದರೆ ಇನ್ನೂ ಒಳ್ಳೆಯದು. ಅದನ್ನು ತೋರಿಸುವ ಸಣ್ಣ ಮೀಟರ್ ಒಂದು ತಂದಿಡಿ. ಕೆಂಡ, ಗ್ಯಾಸ್ ಒಲೆ ಇಟ್ಟು ಒಣಗಿಸಲು ಹೋಗಬೇಡಿ. ಗ್ಯಾಸ್ ಉರಿದಾಗ ನೀರಾವಿಯೇ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಜೀವಕ್ಕೇ ಅಪಾಯ.

ಎಷ್ಟು ದಿನ ಬೇಕು ಎಂದರೆ, ಗೋಡೆ ಹೇಳಿದಷ್ಟು ದಿನ. ದಪ್ಪ ಮುರಕಲ್ಲಿಗೆ ವಾರಗಳೇ ಬೇಕಾಗಬಹುದು. ಒದ್ದೆ ಗೋಡೆಯ ಲೆಕ್ಕ ಒಣ ಗೋಡೆಯ ಲೆಕ್ಕಕ್ಕೆ ಹತ್ತಿರ ಬರುವವರೆಗೆ ಪುಟ್ಟಿ ಬೇಡ, ಪೇಂಟ್ ಬೇಡ, ಕಪಾಟೂ ಬೇಡ. ಸಾಧ್ಯವಾದರೆ ಪೇಂಟಿಂಗನ್ನು ಡಿಸೆಂಬರ್ ಬಿಸಿಲಿಗೆ ಇಟ್ಟುಕೊಳ್ಳಿ. ಹಳೇ ಮುರಕಲ್ಲಿನ ಮನೆಯಾದರೆ ಸುಣ್ಣವೇ ವಾಸಿ, ಪ್ಲಾಸ್ಟಿಕ್ ಪೇಂಟಿನ ಪದರದ ಹಿಂದೆ ಪಸೆ ಸಿಕ್ಕಿಕೊಳ್ಳುತ್ತದೆ.

ದುಡ್ಡು ಪೂರ್ತಿ ಮೊದಲೇ ಕೊಡಬೇಡಿ. ಒಂದು ಪಾಲು ಹಿಡಿದಿಟ್ಟುಕೊಂಡು, ಕೊನೆಯ ದಿನ ಮೊದಲು ಅಳೆದ ಜಾಗದಲ್ಲೇ ಮತ್ತೆ ಮೀಟರ್ ಹಿಡಿಸಿ, ಲೆಕ್ಕ ನೋಡಿ ಆಮೇಲೆ ಕೊಡಿ. ಕಪಾಟು ವಾಪಸ್ ಇಡುವಾಗ, ಹಿಂದೆ ಗಾಳಿಯಾಡುವಂತೆ, ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಟ್ಟು ಇಡಿ.