ಗೋಥೆನ್‌ಬರ್ಗ್‌ಗೆ ಬಂದಿದ್ದೀರಾ? ಊರಿನ ನೀಲಿ-ಬಿಳಿ ಕ್ಲಬ್ಬನ್ನು ಪರಿಚಯ ಮಾಡಿಕೊಳ್ಳಿ

ಸ್ವೀಡನ್ನಿನ ಈ ಊರಿಗೆ ಬರುವ ಕನ್ನಡಿಗರಲ್ಲಿ ಬಹಳ ಜನ ಬೆಂಗಳೂರಿನಿಂದ ಕೆಲಸಕ್ಕೆ ಬಂದವರು. ನಮ್ಮ ಕಡೆ ಎಸಿ ಬಸ್ಸಿಗೆ ಹೆಸರೇ ಆಗಿಹೋಗಿರುವ ವೋಲ್ವೋ ಇಲ್ಲಿ 1927ರಲ್ಲಿ ಹುಟ್ಟಿತು ಅನ್ನೋದು ನಿಮಗೆ ಗೊತ್ತಿರುತ್ತದೆ. ಅದಕ್ಕಿಂತ 23 ವರ್ಷ ಹಳೆಯದಾದ, ಊರಿನವರು ಇನ್ನೂ ಹೆಚ್ಚು ಹಚ್ಚಿಕೊಂಡಿರುವ ಒಂದು ಸಂಸ್ಥೆ ಇದೆ. ಅದು ಐಎಫ್‌ಕೆ ಗೋಟೆಬರ್ಗ್ ಎಂಬ ಫುಟ್‌ಬಾಲ್ ಕ್ಲಬ್. ಜನ ಅದನ್ನು ಬ್ಲೋವಿಟ್ ಅಂತಲೇ ಕರೆಯುತ್ತಾರೆ, ಅಂದರೆ ನೀಲಿ-ಬಿಳಿ.

ಮನೆ, ಪರ್ಸನಲ್ ನಂಬರ್, ಬ್ಯಾಂಕ್ ಖಾತೆ ಇವೆಲ್ಲ ಹೇಗೂ ಆಗುತ್ತವೆ. ಆಮೇಲೆ ಕಷ್ಟವಾಗುವುದು ಊರಿನ ಜನರ ಜೊತೆ ಬೆರೆಯುವುದು. ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಹವಾಮಾನದ ಮಾತು ಮುಗಿದರೆ ಮುಂದೇನು ಅಂತ ಗೊತ್ತಾಗುವುದಿಲ್ಲ. ಇಲ್ಲಿ ವರ್ಷಗಟ್ಟಲೆ ಇದ್ದವನಾಗಿ ಹೇಳುತ್ತೇನೆ, ಈ ಕ್ಲಬ್ ಅದಕ್ಕೆ ಒಳ್ಳೆಯ ದಾರಿ. ಸುಮ್ನೆ ಮೊಬೈಲ್ ನೋಡುತ್ತಾ ಕೂತಿರುವ ಸಹೋದ್ಯೋಗಿಯನ್ನು "ನೀವು ಯಾವ ಟೀಮ್?" ಅಂತ ಕೇಳಿ ನೋಡಿ. ಅರ್ಧ ಗಂಟೆ ಮಾತಾಡುತ್ತಾರೆ.

ಆ ಮಾತಿಗೆ ಬೇಕಾಗುವಷ್ಟು ಚರಿತ್ರೆ ಇಲ್ಲಿದೆ. 1904ರ ಅಕ್ಟೋಬರ್ 4ರಂದು ಅನ್ನೆಡಾಲ್ ಬಡಾವಣೆಯ ಒಂದು ಕೆಫೆಯಲ್ಲಿ ಕ್ಲಬ್ ಶುರುವಾಯಿತು. ಆಗ ಅದು ಕೂಲಿಕಾರರು, ಕಾರ್ಖಾನೆಯವರು ಇರುವ ಜಾಗ. ನಾಲ್ಕೇ ವರ್ಷದಲ್ಲಿ, 1908ರಲ್ಲಿ, ಮೊದಲ ಸ್ವೀಡಿಷ್ ಚಾಂಪಿಯನ್ ಪಟ್ಟ ಬಂತು. ದೇಶದ ಮೇಲ್ದರ್ಜೆಯ ಲೀಗ್ ಆಲ್‌ಸ್ವೆನ್ಸ್ಕನ್ ಶುರುವಾಗಿದ್ದು 1924ರಲ್ಲಿ. ಅದರ ಮೊದಲ ಸೀಸನ್ನಿನಲ್ಲೇ ಬ್ಲೋವಿಟ್‌ನ ಫಿಲಿಪ್ ಯೋಹಾನ್ಸನ್ 39 ಗೋಲು ಹೊಡೆದರು. ಒಂದೇ ಸೀಸನ್ನಿನಲ್ಲಿ ಅಷ್ಟು ಗೋಲು ಆಮೇಲೆ ಯಾರಿಂದಲೂ ಆಗಿಲ್ಲ.

ಕ್ರೀಡಾಂಗಣದ ಹೊರಗೆ ಗುನ್ನಾರ್ ಗ್ರೇನ್ ಅವರ ಪ್ರತಿಮೆ ಇದೆ. ಬ್ಲೋವಿಟ್‌ನ ಆಟಗಾರ, 1948ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಸ್ವೀಡನ್ ತಂಡದಲ್ಲಿ ಆಡಿದವರು, ಮುಂದೆ ಇಟಲಿಯ ಮಿಲಾನ್‌ಗೆ ಹೋದವರು. ವಾಪಸ್ ಬಂದ ಮೇಲೆ ಇದೇ ಊರಿನ ಎದುರಾಳಿ ಕ್ಲಬ್‌ಗಳಾದ ಓರ್ಗ್ರೀಟೆ, ಗಾಯ್ಸ್ ಎರಡಕ್ಕೂ ಆಡಿದರು. ಹಾಗಾಗಿ ಮೂರೂ ಕಡೆಯವರಿಗೆ ಅವರು ನಮ್ಮವರೇ.

1969ರಲ್ಲಿ ಚಾಂಪಿಯನ್ ಆದ ತಂಡ ಮರುವರ್ಷವೇ ಕೆಳದರ್ಜೆಗೆ ಬಿತ್ತು. ಮೇಲಕ್ಕೆ ಬರಲು 1977 ಆಯಿತು. 1979ರಲ್ಲಿ ಸ್ವೆನ್-ಗೋರಾನ್ ಎರಿಕ್ಸನ್ ಅನ್ನುವ, ಆಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ತರುಣ ಕೋಚ್ ಬಂದರು. ಮುಂದೆ ಇಂಗ್ಲೆಂಡ್ ತಂಡದ ಕೋಚ್ ಆಗಿದ್ದು ಇವರೇ. ಹನ್ನೊಂದು ಜನವೂ ಒಟ್ಟಿಗೆ ಮುಂದೆ ಸರಿಯಬೇಕು, ಒಟ್ಟಿಗೆ ಹಿಂದೆ ಬರಬೇಕು, ಚೆಂಡು ಹೋದ ಕೂಡಲೇ ಎದುರಾಳಿಯ ಮೇಲೆ ಬೀಳಬೇಕು ಅನ್ನುವುದು ಅವರ ಪಾಠ. ಮೊದಮೊದಲು ಇದು ನೋಡೋಕೆ ಚೆಂದವಿಲ್ಲ ಅಂತ ಅಭಿಮಾನಿಗಳೇ ಗೊಣಗಿದರು.

ಆಮೇಲೆ 1982 ಬಂತು. ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಆಡುತ್ತಿರುವಾಗಲೇ ಕ್ಲಬ್ಬಿನ ಕೈ ಖಾಲಿಯಾಗಿತ್ತು. ಆಟಗಾರರಲ್ಲಿ ಹಲವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಅಂಥ ತಂಡ ಸ್ಪೇನಿನ ವೆಲೆನ್ಸಿಯಾವನ್ನು ದಾಟಿ, ಜರ್ಮನಿಯ ಕೈಸರ್ಸ್‌ಲಾಟರ್ನ್ ತಂಡವನ್ನೂ ದಾಟಿ ಫೈನಲ್ ಮುಟ್ಟಿತು. ಎದುರಿಗೆ ಹ್ಯಾಂಬರ್ಗ್. ಇಲ್ಲಿನ ಉಲ್ಲೆವಿ ಕ್ರೀಡಾಂಗಣದಲ್ಲಿ ಮಳೆ ಸುರಿಯುತ್ತಿದ್ದ ಮೊದಲ ಪಂದ್ಯವನ್ನು ಕೊನೆಗಳಿಗೆಯಲ್ಲಿ ಬಂದ ಟೋರ್ಡ್ ಹೋಲ್ಮ್‌ಗ್ರೇನ್ ಗೋಲಿನಿಂದ 1-0 ಗೆದ್ದರು. ಎರಡನೇ ಪಂದ್ಯ ಹ್ಯಾಂಬರ್ಗ್‌ನಲ್ಲಿ. ಅಲ್ಲಿ ಡಾನ್ ಕಾರ್ನೆಲಿಯುಸ್ಸನ್, ಟೋರ್‌ಬ್ಯೋರ್ನ್ ನಿಲ್ಸನ್, ಸ್ಟಿಗ್ ಫ್ರೆಡ್ರಿಕ್ಸನ್ ಒಂದೊಂದು ಗೋಲು ಹೊಡೆದರು. 3-0. ಜರ್ಮನಿಯ ನೆಲದಲ್ಲಿ! ಈ ಊರಿನ ಅರವತ್ತು ದಾಟಿದ ಯಾರನ್ನಾದರೂ ಆ ರಾತ್ರಿ ಎಲ್ಲಿದ್ದಿರಿ ಅಂತ ಕೇಳಿ, ಅವರ ಮುಖ ನೋಡಿ.

1987ರಲ್ಲಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ವಿರುದ್ಧ ಅದೇ ಕಪ್ಪನ್ನು ಮತ್ತೆ ಗೆದ್ದರು. ಎರಡೂ ಸಲ ಇಡೀ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ನಡುವೆ, 1986ರಲ್ಲಿ, ದೇಶದೇಶಗಳ ಚಾಂಪಿಯನ್ ಕ್ಲಬ್‌ಗಳು ಆಡುವ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಇಲ್ಲಿ 3-0 ಸೋಲಿಸಿ, ಅಲ್ಲಿ 3-0 ಸೋತು, ಪೆನಾಲ್ಟಿಯಲ್ಲಿ ಹೊರಬಿದ್ದರು. ಆ ನೋವು ಇನ್ನೂ ಆರಿಲ್ಲ. 1994ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಲ್ಲಿ 3-1ರಿಂದ ಸೋತು ಹೋಯಿತು. ಇಂದಿಗೂ ಯುರೋಪ್ ಮಟ್ಟದ ಕ್ಲಬ್ ಟೂರ್ನಿಯೊಂದನ್ನು ಗೆದ್ದಿರುವ ನಾರ್ಡಿಕ್ ದೇಶಗಳ ಪುರುಷರ ತಂಡ ಇದೊಂದೇ. ದೇಶದೊಳಗೆ 18 ಚಾಂಪಿಯನ್ ಪಟ್ಟಗಳಿವೆ. ಹದಿನೆಂಟನೆಯದು 2007ರಲ್ಲಿ ಬಂತು. ಅಲ್ಲಿಂದ ಕಾಯುತ್ತಲೇ ಇದ್ದೇವೆ.

ಗ್ಲೆನ್ ಅನ್ನುವ ಹೆಸರು ಪದೇಪದೇ ಕಿವಿಗೆ ಬಿದ್ದರೆ ಗಾಬರಿ ಬೇಡ. ಎಂಬತ್ತರ ದಶಕದ ತಂಡದಲ್ಲಿ ಹಿಸೇನ್, ಸ್ಟ್ರೋಮ್‌ಬರಿ, ಶಿಲ್ಲೆರ್, ಹೋಲ್ಮ್ ಎಂಬ ನಾಲ್ವರ ಮೊದಲ ಹೆಸರೂ ಗ್ಲೆನ್. ಗೋಥೆನ್‌ಬರ್ಗ್‌ನಲ್ಲಿ ಎಲ್ಲರೂ ಗ್ಲೆನ್ ಅಂತ ಎದುರಾಳಿ ಅಭಿಮಾನಿಗಳು ಕೂಗಿದ್ದು ಊರಿನ ಗಾದೆಯೇ ಆಗಿಬಿಟ್ಟಿದೆ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಸಂಗತಿ. ಸ್ವೀಡನ್ನಿನಲ್ಲಿ 51 ಶೇಕಡಾ ನಿಯಮ ಅಂತ ಒಂದಿದೆ. ಕ್ಲಬ್ಬಿನ ಹೆಚ್ಚಿನ ಮತ ಯಾವಾಗಲೂ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ದೊಡ್ಡ ಶ್ರೀಮಂತ ಬಂದು ಇಡೀ ಕ್ಲಬ್ ಕೊಂಡುಕೊಳ್ಳಲು ಆಗುವುದಿಲ್ಲ. ವರ್ಷಕ್ಕೊಮ್ಮೆ ಸಭೆ ಸೇರುತ್ತಾರೆ, ಒಬ್ಬ ಸದಸ್ಯನಿಗೆ ಒಂದು ಮತ. ನೀವು ನಿನ್ನೆ ಹುಬ್ಬಳ್ಳಿಯಿಂದ ಬಂದವರಾದರೂ ಸದಸ್ಯತ್ವ ತೆಗೆದುಕೊಳ್ಳಬಹುದು. ಹುಟ್ಟಿದೂರು ಯಾವುದು ಅಂತ ಯಾರೂ ಕೇಳುವುದಿಲ್ಲ. ಇದು ಬರೀ ಹೆಸರಿಗೆ ಅಲ್ಲ. ಯುರೋಪೆಲ್ಲ ವಿಡಿಯೋ ನೋಡಿ ತೀರ್ಪು ಕೊಡುವ ವಿಎಆರ್ ಒಪ್ಪಿಕೊಳ್ಳುವಾಗ, ಸ್ವೀಡನ್ನಿನ ಕ್ಲಬ್‌ಗಳ ಸದಸ್ಯರು ಸಭೆಗಳಲ್ಲಿ ಬೇಡ ಅಂದರು. 2024ರಲ್ಲಿ ಫುಟ್‌ಬಾಲ್ ಸಂಸ್ಥೆ ಅದನ್ನು ಕೈಬಿಡಬೇಕಾಯಿತು. ಗೋಲು ಬಿದ್ದಾಗ ಇಲ್ಲಿ ಜನ ಕಾಯದೆ ಕುಣಿಯುತ್ತಾರೆ.

ಮ್ಯಾಚಿಗೆ ಹೋಗುವ ವಿಚಾರ. ಸೀಸನ್ ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ. 16 ತಂಡ, 30 ಸುತ್ತು. ಜಾಗ ಗಮ್ಲಾ ಉಲ್ಲೆವಿ, ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಪಕ್ಕದಲ್ಲೇ ಇರುವ ಉಲ್ಲೆವಿ ಬೇರೆ, ಅದು 1958ರ ವಿಶ್ವಕಪ್‌ಗೆ ಕಟ್ಟಿದ ದೊಡ್ಡ ಕ್ರೀಡಾಂಗಣ. ಟಿಕೆಟ್ ತೆಗೆಯುವಾಗ ಇದನ್ನು ನೋಡಿಕೊಳ್ಳಿ. ಗಮ್ಲಾ ಅಂದರೆ ಹಳೆಯದು, ಆದರೆ ಈಗಿರುವ ಕಟ್ಟಡ 2009ರದು.

ಗೋಲಿನ ಹಿಂದೆ ನಿಂತು ನೋಡುವ ಜಾಗವಿದೆ. ತೊಂಬತ್ತು ನಿಮಿಷವೂ ನಿಂತು ಹಾಡುವವರು ಅಲ್ಲಿರುತ್ತಾರೆ. ದೊಡ್ಡ ಬಾವುಟ, ಇಡೀ ಸ್ಟ್ಯಾಂಡ್ ಮುಚ್ಚುವ ಟೀಫೋ ಚಿತ್ರ, ಕೆಲವೊಮ್ಮೆ ಹೊಗೆ ಮತ್ತು ಬೆಂಕಿಯ ಬೆಳಕು. ಆ ಬೆಂಕಿ ಕಾನೂನಿಗೆ ವಿರುದ್ಧ, ಮಕ್ಕಳಿದ್ದರೆ ಅಲ್ಲಿಂದ ದೂರ ಕೂರಿ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿದವರಿಗೆ ಆ ಜಾಗ ಪರಿಚಯದ್ದೇ ಅನಿಸುತ್ತದೆ. ಮೊದಲ ಸಲವಾದರೆ ಉದ್ದ ಬದಿಯಲ್ಲಿ ಸೀಟು ತೆಗೆದುಕೊಳ್ಳಿ. ಆಟ ಶುರುವಾಗುವ ಹದಿನೈದು ನಿಮಿಷ ಮುಂಚೆಯೇ ಸೀಟಿನಲ್ಲಿರಿ. ಎಲ್ಲರೂ ಶಾಲು ಎತ್ತಿ ಹಿಡಿದು ಹಾಡುವ ಹಾಡಿದೆ, ಅದರಲ್ಲಿ ಯೋತಪ್ಲಾಟ್ಸೆನ್ ಚೌಕದಲ್ಲಿ ಪ್ರತಿಮೆಯಾಗಿ ನಿಂತಿರುವ ಗ್ರೀಕರ ಸಮುದ್ರ ದೇವರು ಪೋಸೈಡನ್ ಬರುತ್ತಾನೆ. ಮಾತು ಬರದಿದ್ದರೂ ಶಾಲು ಎತ್ತಬಹುದು, ಅಲ್ವಾ? ಏಪ್ರಿಲ್‌ನಲ್ಲಿ ಚಳಿ ಕೊರೆಯುತ್ತದೆ, ಉಣ್ಣೆಯದ್ದು ಒಳಗೆ ಹಾಕಿಕೊಳ್ಳಿ. ದೊಡ್ಡ ಬ್ಯಾಗ್ ಬೇಡ.

ಬಣ್ಣದ ಬಗ್ಗೆ ಸ್ವಲ್ಪ ಎಚ್ಚರ. ಹಸಿರು-ಕಪ್ಪು ಗಾಯ್ಸ್‌ನದು, ಕೆಂಪು-ನೀಲಿ ಓರ್ಗ್ರೀಟೆಯದು, ಹಳದಿ-ಕಪ್ಪು ಊರಿನ ಇನ್ನೊಂದು ಕ್ಲಬ್ ಹೆಕೆನ್‌ನದು. ಸ್ಟಾಕ್‌ಹೋಮ್‌ನ ಎಐಕೆ ಅಥವಾ ಮಾಲ್ಮೋ ಊರಿನ ತಂಡ ಬಂದ ದಿನ ಪೊಲೀಸರು ಜಾಸ್ತಿ ಇರುತ್ತಾರೆ. ಹೊಸಬರು ಅಂಥ ಪಂದ್ಯವನ್ನು ಆಮೇಲೆ ನೋಡಿದರಾಯಿತು.

ಲಿಂಡ್‌ಹೋಲ್ಮೆನ್ ಸುತ್ತ, ಅಂದರೆ ಹಿಸಿಂಗೆನ್ ದ್ವೀಪದಲ್ಲಿ ಮನೆ ಮಾಡುವವರಿಗೆ ಹತ್ತಿರವಾಗುವುದು ಹೆಕೆನ್. 2022ರಲ್ಲಿ ಅವರೂ ಚಾಂಪಿಯನ್ ಆದರು. ನಿಮ್ಮ ಮಕ್ಕಳು ಹಳದಿ ಅಂಗಿ ತೊಟ್ಟರೆ ನನಗೇನೂ ಬೇಸರವಿಲ್ಲ. ಪ್ರತಿ ಜುಲೈಯಲ್ಲಿ ನಡೆಯುವ ಮಕ್ಕಳ ದೊಡ್ಡ ಟೂರ್ನಿ ಗೋಥಿಯಾ ಕಪ್ ಅವರದ್ದೇ, 1975ರಿಂದ ನಡೆಯುತ್ತಿದೆ. ದೇಶದೇಶದ ಮಕ್ಕಳು ಟ್ರಾಮ್ ತುಂಬಾ ಹಾಡುತ್ತಾ ಓಡಾಡುತ್ತಾರೆ. ಇನ್ನು ಮಗುವನ್ನು ಬಡಾವಣೆಯ ಪುಟ್ಟ ಕ್ಲಬ್ಬಿಗೆ ಸೇರಿಸಿದರೆ ಅಪ್ಪ-ಅಮ್ಮಂದಿರೂ ಕೈ ಹಾಕಬೇಕಾಗುತ್ತದೆ. ಕೋಚ್ ಆಗುವವರು, ಕಾಫಿ-ಬನ್ ಮಾರುವವರು ಎಲ್ಲ ಪೋಷಕರೇ. ನಿಮ್ಮ ಸರದಿ ಬಂದಾಗ ಇಲ್ಲ ಅನ್ನಬೇಡಿ.