ಬಸ್ ಸ್ಟಾಪಿನಲ್ಲಿ ಜೇಬು ತಡವಿದರೆ: ಇಂಗ್ಲೆಂಡಿನ ಸ್ಟಾಪ್ ಅಂಡ್ ಸರ್ಚ್

ಕಳೆದ ಚಳಿಗಾಲದ ಒಂದು ಸಂಜೆ. ನಮ್ಮ ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ ಇಬ್ಬರು ಪೊಲೀಸರು ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡಿದ್ದರು. ಹದಿನಾರರ ಆಸುಪಾಸಿನ ಕಪ್ಪು ಹುಡುಗ, ಬೆನ್ನಿಗೆ ಸ್ಕೂಲ್ ಬ್ಯಾಗು. ಅವರು ಹೇಳುವ ಮೊದಲೇ ಕೈ ಎರಡೂ ಅಗಲಿಸಿ ನಿಂತ. ದರ್ಜಿ ಅಳತೆ ತಗೊಳ್ಳುವಾಗ ನಿಲ್ಲುತ್ತೇವಲ್ಲ, ಹಾಗೆ. ಬ್ಯಾಗಿನಿಂದ ಬಂದದ್ದು ಲೆಕ್ಕದ ಪುಸ್ತಕ, ಫುಟ್‌ಬಾಲ್ ಬೂಟು, ಅರ್ಧ ತಿಂದ ಚಿಪ್ಸ್ ಪ್ಯಾಕೆಟ್ಟು. ಅಷ್ಟರಲ್ಲಿ ಬಸ್ಸು ಬಂತು, ಹೋಯಿತು. ನನ್ನ ಪಕ್ಕದಲ್ಲಿದ್ದ ನಮ್ಮೂರಿನವರೊಬ್ಬರು ಮೆಲ್ಲಗೆ ಅಂದರು, "ಏನೋ ಮಾಡಿರ್ತಾನೆ ಬಿಡಿ."

ಆ ಮಾತು ಕೇಳಿಯೇ ಇದನ್ನು ಬರೆಯಲು ಕೂತೆ. ಇಲ್ಲಿ ಏನೂ ಮಾಡದಿದ್ದರೂ ತಡವಿಸಿಕೊಳ್ಳಬೇಕಾಗಬಹುದು. ನಿಮ್ಮ ಮಗನೂ.

ಮೊದಲು ಕಾನೂನು. (ಇದು ಇಂಗ್ಲೆಂಡ್, ವೇಲ್ಸ್ ಮಾತು. ಸ್ಕಾಟ್ಲೆಂಡಿನದು ಬೇರೆ.) 1984ರ ಪೊಲೀಸ್ ಕಾಯ್ದೆಯ ಪ್ರಕಾರ, ಬೀದಿಯಲ್ಲಿ ಯಾರನ್ನಾದರೂ ತಡೆದು ಹುಡುಕಲು (ಇದೇ ಸ್ಟಾಪ್ ಅಂಡ್ ಸರ್ಚ್) ಪೊಲೀಸರಿಗೆ ಸರಿಯಾದ ಅನುಮಾನ ಇರಬೇಕು. ಕದ್ದ ಮಾಲೋ ಚಾಕುವೋ ಇದೆ ಅನ್ನಲು ಏನಾದರೂ ಆಧಾರ ಬೇಕು. ಡ್ರಗ್ಸ್ ಹುಡುಕುವುದಕ್ಕೆ ಬೇರೆ ಕಾಯ್ದೆ ಇದೆ, ಅಲ್ಲೂ ಇದೇ ನಿಯಮ. ಬರೀ ಮೈಬಣ್ಣ ನೋಡಿ, ವಯಸ್ಸು ನೋಡಿ, ಹಳೇ ಕೇಸು ಇದೆ ಅಂತ ಹುಡುಕುವಂತಿಲ್ಲ. ಆದರೆ 1994ರ ಕಾಯ್ದೆಯ ಸೆಕ್ಷನ್ 60 ಅಂತ ಒಂದಿದೆ. ಹೊಡೆದಾಟ, ಚಾಕು ಇರಿತದ ಭಯ ಇದ್ದಾಗ ಒಂದು ಏರಿಯಾಕ್ಕೆ ಸೀಮಿತ ಅವಧಿಗೆ ಇದನ್ನು ಹಾಕುತ್ತಾರೆ. ಆಗ ಅನುಮಾನವೂ ಬೇಕಿಲ್ಲ, ಯಾರನ್ನು ಬೇಕಾದರೂ ಹುಡುಕಬಹುದು. "ಯಾರನ್ನು ಬೇಕಾದರೂ" ಅಂದಾಗ ಯಾರು ಸಿಗುತ್ತಾರೆ, ಅದೇ ಇಲ್ಲಿಯ ಜಗಳ.

2018-19ರ ಸರ್ಕಾರಿ ಲೆಕ್ಕ ನೋಡಿ. ಪ್ರತಿ 1000 ಬಿಳಿಯರಿಗೆ 4 ತಪಾಸಣೆ. ಕಪ್ಪು ಜನರಿಗೆ 38. ನಾವೆಲ್ಲ ಸೇರುವ ಏಷ್ಯನ್ ಕಾಲಮ್ಮಿನಲ್ಲಿ 11. ಆಮೇಲೆ ಈ ಅಂತರ ಕಡಿಮೆಯಾಯಿತು, ಆದರೆ 2022-23ರಲ್ಲೂ ಕಪ್ಪು ಜನರ ತಪಾಸಣೆಯ ಪ್ರಮಾಣ ಬಿಳಿಯರ ನಾಲ್ಕು ಪಟ್ಟು. ಹುಡುಕಿದವರಲ್ಲಿ ಹೆಚ್ಚಿನವರನ್ನು ಏನೂ ಕ್ರಮ ಇಲ್ಲದೆ ಬಿಟ್ಟು ಕಳಿಸುತ್ತಾರೆ. ನಮ್ಮ ಬಸ್ ಸ್ಟಾಪಿನ ಹುಡುಗನ ಹಾಗೆ.

ಇದು ನಿನ್ನೆ ಮೊನ್ನೆಯ ಸಿಟ್ಟಲ್ಲ. 1824ರ ಅಲೆಮಾರಿಗಳ ಕಾಯ್ದೆಯಲ್ಲಿ ಬರೀ "ಸಂಶಯಾಸ್ಪದ ವ್ಯಕ್ತಿ" ಅಂತ ಹಿಡಿಯಲು ಅವಕಾಶ ಇತ್ತು. ಜನ ಅದನ್ನು ಚಿಕ್ಕದಾಗಿ "ಸಸ್" (ಸಸ್ಪೆಕ್ಟ್, ಅಂದರೆ ಶಂಕಿತ) ಅಂತ ಕರೆಯುತ್ತಿದ್ದರು. ಕೆರಿಬಿಯನ್ ದ್ವೀಪಗಳಿಂದ ಬಂದವರ ಮಕ್ಕಳ ಮೇಲೆ 1970ರ ದಶಕದಲ್ಲಿ ಅದನ್ನು ಯದ್ವಾತದ್ವಾ ಬಳಸಿದರು. 1981ರ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ "ಸ್ವಾಂಪ್ 81" ಅಂತ ಪೊಲೀಸ್ ಕಾರ್ಯಾಚರಣೆ ನಡೆಯಿತು. ಕೆಲವೇ ದಿನಗಳಲ್ಲಿ ಒಂಬೈನೂರಕ್ಕೂ ಜಾಸ್ತಿ ಜನರನ್ನು ತಡೆದರು. ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಅದೇ ವರ್ಷ ಸಸ್ ಕಾನೂನು ಹೋಯಿತು.

ಇನ್ನೊಂದು ಹೆಸರು ನಿಮ್ಮ ಮಕ್ಕಳು ಶಾಲೆಯಲ್ಲೇ ಕೇಳಿರುತ್ತಾರೆ: ಸ್ಟೀಫನ್ ಲಾರೆನ್ಸ್. 1993ರ ಏಪ್ರಿಲ್ 22ರ ರಾತ್ರಿ ಲಂಡನ್ನಿನ ಎಲ್ಥಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹದಿನೆಂಟರ ಕಪ್ಪು ಹುಡುಗ. ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸ್ ತನಿಖೆ ಹಳ್ಳ ಹಿಡಿಯಿತು. 1999ರಲ್ಲಿ ಆ ತನಿಖೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸರಲ್ಲಿ ಸಂಸ್ಥೆಯೊಳಗೇ ಬೇರೂರಿದ ಜನಾಂಗಭೇದ ಇದೆ ಅಂತ ಬರೆಯಿತು. ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು. 2023ರಲ್ಲಿ ಲಂಡನ್ ಪೊಲೀಸರ ಬಗ್ಗೆ ಬಂದ ಲೂಯಿಸ್ ಕೇಸಿ ವರದಿ ಮತ್ತೆ ಅದೇ ಮಾತು ಹೇಳಿತು. ಕಾಲು ಶತಮಾನ!

ಹಾಗಂತ ಕಪ್ಪು ಜನಕ್ಕೆ ಪೊಲೀಸರೇ ಬೇಡ ಅಂತಲ್ಲ. ಲಂಡನ್ನಿನಲ್ಲಿ ಚಾಕು ಇರಿತಕ್ಕೆ ಮಕ್ಕಳನ್ನು ಕಳೆದುಕೊಂಡವರಲ್ಲಿ ಅವರ ಕುಟುಂಬಗಳೇ ಜಾಸ್ತಿ ಪಾಲು. ಚಾಕು ಹಿಡಿಯಿರಿ, ನನ್ನ ಮಗನನ್ನು ಕಳ್ಳನ ಹಾಗೆ ನೋಡಬೇಡಿ ಅಂತ ಒಂದೇ ಉಸಿರಿನಲ್ಲಿ ಹೇಳುವ ತಾಯಂದಿರಿದ್ದಾರೆ. ಎರಡರಲ್ಲೂ ತಪ್ಪೇನಿದೆ?

ನಮ್ಮ ವಾಟ್ಸಾಪ್ ಗುಂಪುಗಳ ಮಾತು ಬೇರೆ. "ಆ ಕಡೆ ಮನೆ ಬೇಡ, ಅವರೇ ಜಾಸ್ತಿ." ಊರಲ್ಲಿ ಜಾತಿ ಕೇಳಿ ಮನೆ ಬಾಡಿಗೆಗೆ ಕೊಡದವರನ್ನು ಬೈದು ಬಂದವರೇ ಇಲ್ಲಿ ಇದನ್ನು ಬರೆಯುತ್ತಾರೆ. ನಾನೂ ಮೊದಲ ವರ್ಷ ಹಾಗೇ ಕೇಳಿದ್ದೆ, ಸುಳ್ಳು ಯಾಕೆ ಹೇಳಲಿ.

ಈಗ ನಿಮಗೆ, ಮಕ್ಕಳಿಗೆ ಗೊತ್ತಿರಬೇಕಾದದ್ದು. ಪೊಲೀಸರು ಹುಡುಕುವ ಮೊದಲು ತಮ್ಮ ಠಾಣೆ, ಯಾವ ಕಾನೂನು, ಏನು ಹುಡುಕುತ್ತಿದ್ದೇವೆ, ಯಾಕೆ ಅನ್ನುವುದನ್ನು ಹೇಳಬೇಕು. ಮಫ್ತಿಯಲ್ಲಿದ್ದರೆ ವಾರಂಟ್ ಕಾರ್ಡ್ (ಪೊಲೀಸ್ ಗುರುತಿನ ಚೀಟಿ) ತೋರಿಸಬೇಕು. ಬೀದಿಯಲ್ಲಿ ಕೋಟು, ಜಾಕೆಟ್ಟು, ಕೈಗವಸು ಬಿಟ್ಟು ಬೇರೇನೂ ಬಿಚ್ಚು ಅನ್ನುವಂತಿಲ್ಲ. ಸೆಕ್ಷನ್ 60ರಲ್ಲಿ ಮುಖ ಮುಚ್ಚಿದ್ದನ್ನು ತೆಗೆ ಅನ್ನಬಹುದು. ಬರೀ ತಪಾಸಣೆಗೆ ಸಾಮಾನ್ಯವಾಗಿ ಹೆಸರು, ವಿಳಾಸ ಹೇಳಲೇಬೇಕು ಅಂತಿಲ್ಲ. ಕಾರು ಓಡಿಸುತ್ತಿದ್ದರೆ ಮಾತ್ರ ಹೇಳಲೇಬೇಕು. ಕಾರನ್ನು ಕಾರಣ ಇಲ್ಲದೆಯೂ ನಿಲ್ಲಿಸಬಹುದು, ಅದು ಬೇರೆ ಕಾನೂನು. ಊರಿನ ಹಾಗೆ ಕೈಗೆ ನೋಟು ತುರುಕುವ ಯೋಚನೆ ಕನಸಲ್ಲೂ ಬೇಡ.

ಕೈ ಕಾಣುವ ಹಾಗೆ ಇರಲಿ, ಓಡಬೇಡಿ, ವಾದ ಅಲ್ಲೇ ಬೇಡ. ಮುಗಿದ ಮೇಲೆ ದಾಖಲೆಯ ಪ್ರತಿ ಕೇಳಿ. ಆಗ ಆಗದಿದ್ದರೆ ಮೂರು ತಿಂಗಳೊಳಗೆ ಪಡೆಯಬಹುದು. ಪೊಲೀಸರ ಭುಜದ ಮೇಲಿನ ನಂಬರ್ ಫೋನಿನಲ್ಲಿ ಬರೆದುಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ದೂರು ಕೊಡಬೇಕಾದರೆ ಮೊದಲು ಅದೇ ಪೊಲೀಸ್ ಪಡೆಗೆ ಕೊಡಿ. ಅದನ್ನು ಅವರು ಸರಿಯಾಗಿ ನೋಡಲಿಲ್ಲ ಅನಿಸಿದರೆ ಮರುಪರಿಶೀಲನೆ ಕೇಳಬಹುದು.