ಗಿಂಪ್‌ನಲ್ಲಿ ಚೌಕ, ವೃತ್ತ, ಬಾಣ ಬಿಡಿಸುವುದು ಹೇಗೆ

ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶ ತೆರೆದವರು ಮೊದಲ ದಿನವೇ ಹುಡುಕುವುದು ಚೌಕ ಬಿಡಿಸುವ ಟೂಲ್. ಅದು ಸಿಗುವುದಿಲ್ಲ. ಎಡಗಡೆ ಚೌಕದ ಗುರುತು ಇದೆ, ದುಂಡನೆಯ ಗುರುತೂ ಇದೆ. ಆದರೆ ಅದನ್ನು ಒತ್ತಿ ಚಿತ್ರದ ಮೇಲೆ ಎಳೆದರೆ ಚುಕ್ಕೆ ಚುಕ್ಕೆ ಗೆರೆಯೊಂದು ಇರುವೆ ಸಾಲಿನ ಹಾಗೆ ಹರಿದಾಡುತ್ತದೆ ಅಷ್ಟೇ, ಬೇರೆ ಕಡೆ ಕ್ಲಿಕ್ ಮಾಡಿದರೆ ಅದೂ ಮಾಯ. ಇಲ್ಲಿಗೇ ಎಷ್ಟೋ ಜನ ಬೇಜಾರಾಗಿ ಬಿಟ್ಟುಬಿಡುತ್ತಾರೆ. ನಾನೂ ಒಮ್ಮೆ ಬಿಟ್ಟಿದ್ದೆ.

ಗಿಂಪ್ ಅನ್ನು 1995ರಲ್ಲಿ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಬರ್ಕ್ಲಿಯಲ್ಲಿ ಶುರು ಮಾಡಿದ್ದು ಚಿತ್ರ ತಿದ್ದುವುದಕ್ಕೆ. ಹಾಗಾಗಿ ಇಲ್ಲಿ ಎಲ್ಲವೂ ಸೆಲೆಕ್ಷನ್‌ನಿಂದಲೇ ಶುರುವಾಗುತ್ತದೆ. ಮೊದಲು ಜಾಗ ಗುರುತು ಮಾಡಬೇಕು, ಆಮೇಲೆ ಅದಕ್ಕೆ ಬಣ್ಣ ತುಂಬಬೇಕು ಅಥವಾ ಅದರ ಅಂಚಿಗೆ ಗೆರೆ ಎಳೆಯಬೇಕು. ಈ ಒಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ಕೆಳಗೆ ಹೇಳಿರುವುದು 2.10 ಮತ್ತು 3.0 ಎರಡು ಆವೃತ್ತಿಗಳಲ್ಲೂ ನಡೆಯುತ್ತದೆ. ಮೆನುವಿನ ಹೆಸರುಗಳನ್ನು ಪರದೆಯ ಮೇಲೆ ಕಾಣುವ ಹಾಗೇ ಕೊಟ್ಟಿದ್ದೇನೆ.

ಮೊದಲು ಹೊಸ ಲೇಯರ್

ಏನೇ ಬಿಡಿಸುವ ಮುಂಚೆ ಒಂದು ಹೊಸ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು) ಮಾಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ, ಬರುವ ಕಿಟಕಿಯಲ್ಲಿ ‘ಫಿಲ್ ವಿತ್’ ಅನ್ನುವ ಕಡೆ ‘ಟ್ರಾನ್ಸ್‌ಪರೆನ್ಸಿ’ ಆರಿಸಿ ಓಕೆ ಕೊಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಗಿಂಪ್‌ನಲ್ಲಿ ಬಿಡಿಸಿದ ಆಕಾರ ಬಿಡಿಸಿದ ಕ್ಷಣವೇ ಬರೀ ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕೆಗಳು, ಆಗಿಬಿಡುತ್ತದೆ. ಅದು ‘ವೃತ್ತ’ ಅನ್ನುವುದು ಗಿಂಪ್‌ಗೆ ಆಮೇಲೆ ನೆನಪಿರುವುದಿಲ್ಲ. ಫೋಟೋ ಇರುವ ಲೇಯರ್ ಮೇಲೇ ಬಿಡಿಸಿದರೆ ಫೋಟೋದ ಆ ಭಾಗ ಹೋದ ಹಾಗೇ. ಬೇರೆ ಲೇಯರ್‌ನಲ್ಲಿದ್ದರೆ ಜರುಗಿಸಬಹುದು, ಮರೆಮಾಡಬಹುದು, ಬೇಡ ಅನಿಸಿದರೆ ಅಳಿಸಿ ಹಾಕಬಹುದು. ಒಂದೊಂದು ಆಕಾರಕ್ಕೆ ಒಂದೊಂದು ಲೇಯರ್ ಇಟ್ಟರೆ ಇನ್ನೂ ಒಳ್ಳೆಯದು, ಲೇಯರ್‌ಗಳಿಗೆ ದುಡ್ಡಿಲ್ಲ ಅಲ್ವಾ.

ಚೌಕ ಮತ್ತು ವೃತ್ತ

ಆಯತಕ್ಕೆ ಆರ್ ಕೀ, ವೃತ್ತಕ್ಕೆ ಇ ಕೀ. ಮೌಸ್ ಹಿಡಿದು ಎಳೆಯಿರಿ, ಬಿಡಿ. ಸೆಲೆಕ್ಷನ್ ಬಂತು. ಮೂಲೆಗಳಲ್ಲಿ, ಅಂಚುಗಳಲ್ಲಿ ಹಿಡಿ ಇರುತ್ತದೆ, ಅದನ್ನು ಹಿಡಿದು ಹಿಗ್ಗಿಸಬಹುದು, ಕುಗ್ಗಿಸಬಹುದು. ನಡುವೆ ಹಿಡಿದು ಎಳೆದರೆ ಇಡೀ ಸೆಲೆಕ್ಷನ್ ಜರುಗುತ್ತದೆ.

ನಾಲ್ಕೂ ಕಡೆ ಸಮವಾಗಿರುವ ಚೌಕ, ಸರಿಯಾಗಿ ದುಂಡಗಿರುವ ವೃತ್ತ ಬೇಕಾದರೆ ಶಿಫ್ಟ್ ಬೇಕು. ಇಲ್ಲೇ ಎಲ್ಲರೂ ಎಡವುವುದು. ಶಿಫ್ಟ್ ಅನ್ನು ಯಾವಾಗ ಒತ್ತುತ್ತೀರಿ ಅನ್ನುವುದರ ಮೇಲೆ ಅದರ ಕೆಲಸವೇ ಬೇರೆ. ಎಳೆಯುವ ಮುಂಚೆಯೇ ಒತ್ತಿದರೆ ‘ಈಗಿರುವ ಸೆಲೆಕ್ಷನ್‌ಗೆ ಇದನ್ನೂ ಸೇರಿಸು’ ಎಂದರ್ಥ. ಎಳೆಯಲು ಶುರು ಮಾಡಿ, ಮೌಸ್ ಬಟನ್ ಬಿಡದೆ ನಡುವೆ ಒತ್ತಿದರೆ ಮಾತ್ರ ಉದ್ದ ಅಗಲ ಒಂದೇ ಆಗುತ್ತದೆ. ಕಂಟ್ರೋಲ್ ಕೂಡ ಹೀಗೇ. ಮೊದಲೇ ಒತ್ತಿದರೆ ಇರುವ ಸೆಲೆಕ್ಷನ್‌ನಿಂದ ಆ ಭಾಗವನ್ನು ಕಳೆಯುತ್ತದೆ, ನಡುವೆ ಒತ್ತಿದರೆ ನೀವು ಮೊದಲು ಕ್ಲಿಕ್ ಮಾಡಿದ ಜಾಗವನ್ನೇ ಕೇಂದ್ರ ಮಾಡಿಕೊಂಡು ಸುತ್ತಲೂ ಬೆಳೆಯುತ್ತದೆ. ಮೌಸ್ ಬಟನ್ ಬಿಟ್ಟ ಮೇಲೆ ಕೀ ಬಿಡಿ. ಉಲ್ಟಾ ಮಾಡಿದರೆ ವೃತ್ತ ಮತ್ತೆ ಮೊಟ್ಟೆಯಾಗುತ್ತದೆ.

ಕೈಯಲ್ಲಿ ಇಷ್ಟೆಲ್ಲ ಸರ್ಕಸ್ ಬೇಡ ಅನಿಸಿದರೆ ಎಡಗಡೆ ಟೂಲ್‌ಗಳ ಕೆಳಗಿರುವ ಟೂಲ್ ಆಪ್ಷನ್ಸ್‌ನಲ್ಲಿ ‘ಪೊಸಿಷನ್’, ‘ಸೈಜ್’ ಅಂತ ಸಂಖ್ಯೆ ಬರೆಯುವ ಜಾಗವಿದೆ. ಸುಮ್ನೆ ಒಂದು ಸಣ್ಣ ಸೆಲೆಕ್ಷನ್ ಎಳೆದು, ಅಲ್ಲಿ 300, 300 ಅಂತ ಬರೆದರೆ ಮುಗಿಯಿತು. ಅಳತೆ ಮುಖ್ಯವಾದ ಕಡೆ ನಾನು ಮಾಡುವುದು ಇದನ್ನೇ.

ಇನ್ನು ಬಣ್ಣ. ಕಂಟ್ರೋಲ್ ಜೊತೆ ಕಾಮಾ ಒತ್ತಿದರೆ ಮುಂದಿನ ಬಣ್ಣ (ಎಡಗಡೆಯ ಎರಡು ಬಣ್ಣದ ಚೌಕಗಳಲ್ಲಿ ಮೇಲಿರುವುದು, ಫೋರ್‌ಗ್ರೌಂಡ್) ಸೆಲೆಕ್ಷನ್ ತುಂಬಾ ತುಂಬುತ್ತದೆ. ಕಂಟ್ರೋಲ್ ಜೊತೆ ಫುಲ್‌ಸ್ಟಾಪ್ ಒತ್ತಿದರೆ ಹಿಂದಿನ ಬಣ್ಣ (ಅದರ ಕೆಳಗಿರುವುದು, ಬ್ಯಾಕ್‌ಗ್ರೌಂಡ್). ಬಣ್ಣದ ಡಬ್ಬಿಯ ಟೂಲ್ ಬಳಸುವವರು ಒಂದು ಗಮನಿಸಿ. ಅದು ತಾನಾಗಿಯೇ ಒಂದೇ ಥರ ಬಣ್ಣವಿರುವ ಜಾಗವನ್ನಷ್ಟೇ ತುಂಬುತ್ತದೆ, ಹಾಗಾಗಿ ಫೋಟೋ ಮೇಲೆ ಕ್ಲಿಕ್ ಮಾಡಿದರೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅದರ ಆಪ್ಷನ್‌ನಲ್ಲಿ ‘ಫಿಲ್ ಹೋಲ್ ಸೆಲೆಕ್ಷನ್’ ಆರಿಸಿಕೊಳ್ಳಿ.

ಒಳಗೆ ಖಾಲಿ ಇರಲಿ, ಅಂಚು ಮಾತ್ರ ಸಾಕು ಅಂದರೆ ‘ಎಡಿಟ್’ ಮೆನುವಿನಲ್ಲಿ ‘ಸ್ಟ್ರೋಕ್ ಸೆಲೆಕ್ಷನ್’. ಗೆರೆಯ ದಪ್ಪ ಕೊಡಿ, ‘ಸ್ಟ್ರೋಕ್’ ಒತ್ತಿ. ಅದೇ ಕಿಟಕಿಯಲ್ಲಿ ‘ಲೈನ್ ಸ್ಟೈಲ್’ ಬಿಚ್ಚಿದರೆ ಚುಕ್ಕೆ ಗೆರೆ, ತುಂಡು ಗೆರೆ, ಮೂಲೆ ಚೂಪಾಗಿರಬೇಕೋ ದುಂಡಗಿರಬೇಕೋ ಎಲ್ಲವೂ ಸಿಗುತ್ತದೆ. ಗೆರೆಯ ಅರ್ಧ ದಪ್ಪ ಸೆಲೆಕ್ಷನ್ ಒಳಗೆ, ಅರ್ಧ ಹೊರಗೆ ಬೀಳುತ್ತದೆ ಅನ್ನುವುದು ನೆನಪಿರಲಿ. ಸೆಲೆಕ್ಷನ್ ಚಿತ್ರದ ಅಂಚಿಗೇ ತಾಗಿದ್ದರೆ ಹೊರಗಿನ ಅರ್ಧ ಕತ್ತರಿಸಿ ಹೋಗಿ, ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಾಣುತ್ತದೆ.

ಮುಗಿದ ಮೇಲೆ ಕಂಟ್ರೋಲ್, ಶಿಫ್ಟ್, ಎ ಒತ್ತಿ ಸೆಲೆಕ್ಷನ್ ತೆಗೆಯಿರಿ. ತೆಗೆಯದಿದ್ದರೆ ಮುಂದೆ ಏನು ಬಿಡಿಸಲು ಹೋದರೂ ಆ ಚೌಕದ ಒಳಗೆ ಮಾತ್ರ ಬೀಳುತ್ತದೆ. ‘ಬ್ರಷ್ ಕೆಲಸ ಮಾಡ್ತಿಲ್ಲ’ ಎನ್ನುವವರಲ್ಲಿ ಬಹಳ ಜನರ ಕಾಯಿಲೆ ಇದೇ. ಸೆಲೆಕ್ಷನ್ ಎಲ್ಲೋ ಒಂದು ಮೂಲೆಯಲ್ಲಿ ಚಿಕ್ಕದಾಗಿ ಉಳಿದಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಮೂಲೆ ದುಂಡಗಿರುವ ಆಯತ ಬೇಕೇ? ಆರ್ ಟೂಲ್‌ನ ಆಪ್ಷನ್‌ನಲ್ಲೇ ‘ರೌಂಡೆಡ್ ಕಾರ್ನರ್ಸ್’ ಇದೆ, ಗುರುತು ಹಾಕಿ ಅಳತೆ ಕೊಡಿ.

ಸ್ಕ್ರೀನ್‌ಶಾಟ್ ಮೇಲೆ ಬಾಣ

ಜಾಸ್ತಿ ಜನರಿಗೆ ಬೇಕಾಗುವುದು ಇದು. ಯಾರಿಗೋ ‘ಈ ಬಟನ್ ಒತ್ತಿ’ ಅಂತ ತೋರಿಸಬೇಕು, ಅದರ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಒಂದು ಬಾಣ.

ವೃತ್ತ ಆಗಲೇ ಗೊತ್ತಾಯಿತು. 1920 ಪಿಕ್ಸೆಲ್ ಅಗಲದ ಸ್ಕ್ರೀನ್‌ಶಾಟ್‌ಗೆ 6 ಪಿಕ್ಸೆಲ್ ದಪ್ಪದ ಗೆರೆ ಚೆನ್ನಾಗಿ ಕಾಣುತ್ತದೆ ಅನ್ನುವುದು ನನ್ನ ಅನುಭವ. 2 ಪಿಕ್ಸೆಲ್ ಇಟ್ಟರೆ ಫೋನಿನಲ್ಲಿ ನೋಡುವವರಿಗೆ ಕಾಣುವುದೇ ಕಷ್ಟ.

ಬಾಣದ ಕಡ್ಡಿಗೆ ಪಿ ಒತ್ತಿ ಪೇಂಟ್‌ಬ್ರಷ್ ತೆಗೆದುಕೊಳ್ಳಿ. ಗಟ್ಟಿ ಅಂಚಿನ ದುಂಡು ಬ್ರಷ್ ಆರಿಸಿ ಅಳತೆ 8 ಇಡಿ. ಗೆರೆ ಶುರುವಾಗಬೇಕಾದ ಕಡೆ ಒಂದು ಸಲ ಕ್ಲಿಕ್ ಮಾಡಿ. ಶಿಫ್ಟ್ ಒತ್ತಿ ಹಿಡಿಯಿರಿ, ಗೆರೆ ಎಲ್ಲಿ ಬೀಳುತ್ತದೆ ಎಂದು ಮುಂಚೆಯೇ ಕಾಣುತ್ತದೆ, ಮುಗಿಯಬೇಕಾದ ಕಡೆ ಇನ್ನೊಂದು ಕ್ಲಿಕ್. ನೇರ ಗೆರೆ ಬಂತು. ಶಿಫ್ಟ್ ಜೊತೆಗೆ ಕಂಟ್ರೋಲ್ ಕೂಡ ಹಿಡಿದರೆ ಗೆರೆ 15 ಡಿಗ್ರಿಗೊಂದರಂತೆ ಮಾತ್ರ ತಿರುಗುತ್ತದೆ, ಹಾಗಾಗಿ ಅಡ್ಡಗೆರೆ ಪಕ್ಕಾ ಅಡ್ಡವಾಗಿ, ಉದ್ದಗೆರೆ ಪಕ್ಕಾ ನೆಟ್ಟಗೆ ಬರುತ್ತದೆ. ಪೆನ್ಸಿಲ್ ಟೂಲ್‌ನಲ್ಲೂ ಇದೇ ಆಗುತ್ತದೆ, ಆದರೆ ಪೆನ್ಸಿಲ್ ಅಂಚನ್ನು ನಯ ಮಾಡುವುದಿಲ್ಲ, ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಬಾಣದ ತಲೆ ಅಂದರೆ ಒಂದು ತ್ರಿಕೋನ. ಎಫ್ ಒತ್ತಿದರೆ ಫ್ರೀ ಸೆಲೆಕ್ಟ್ ಟೂಲ್ ಬರುತ್ತದೆ. ಎಳೆಯಬೇಡಿ, ಮೂರು ಕಡೆ ಕ್ಲಿಕ್ ಮಾಡಿ, ಮತ್ತೆ ಮೊದಲ ಚುಕ್ಕೆಯ ಮೇಲೆ ಕ್ಲಿಕ್ ಮಾಡಿ ಮುಚ್ಚಿ, ಎಂಟರ್ ಕೊಡಿ. ಕಂಟ್ರೋಲ್ ಮತ್ತು ಕಾಮಾ ಒತ್ತಿದರೆ ತಲೆ ತುಂಬಿತು. ತ್ರಿಕೋನದ ಬುಡದ ಅಗಲ ಕಡ್ಡಿಯ ದಪ್ಪದ ಮೂರು ನಾಲ್ಕು ಪಟ್ಟು ಇದ್ದರೆ ಬಾಣ ಬಾಣದ ಹಾಗೆ ಕಾಣುತ್ತದೆ. ಚೂಪಾದ ತುದಿ ಬಟನ್‌ಗೆ ತಾಗಿಸಬೇಡಿ, ಚೂರು ಜಾಗ ಬಿಡಿ.

ಕೂಡುವುದು, ಕಳೆಯುವುದು

ನನಗೆ ಗಿಂಪ್ ಇಷ್ಟವಾಗಲು ಶುರುವಾದದ್ದು ಇಲ್ಲಿಂದ. ಸೆಲೆಕ್ಷನ್‌ಗಳನ್ನು ಕೂಡಿಸಿ ಕಳೆದು ಯಾವ ಆಕಾರ ಬೇಕಾದರೂ ಮಾಡಬಹುದು. ಒಂದು ವೃತ್ತದಿಂದ ಸ್ವಲ್ಪ ಪಕ್ಕಕ್ಕೆ ಸರಿದ ಇನ್ನೊಂದು ವೃತ್ತ ಕಳೆದರೆ ಬಿದಿಗೆ ಚಂದ್ರ. ವೃತ್ತ ತುಂಬಿ, ‘ಸೆಲೆಕ್ಟ್’ ಮೆನುವಿನಲ್ಲಿ ‘ಶ್ರಿಂಕ್’ ಕೊಟ್ಟು 20 ಪಿಕ್ಸೆಲ್ ಒಳಗೆ ತಂದು ಡಿಲೀಟ್ ಒತ್ತಿದರೆ ಉಂಗುರ.

ಮ್ಯಾಪ್‌ಗಳಲ್ಲಿ ಜಾಗ ತೋರಿಸುವ ಗುರುತು ನೋಡಿದ್ದೀರಲ್ಲ, ಮೇಲೆ ದುಂಡು, ಕೆಳಗೆ ಚೂಪು, ನಡುವೆ ತೂತು? ಅದನ್ನೇ ಮಾಡೋಣ. 600ಕ್ಕೆ 600 ಪಿಕ್ಸೆಲ್‌ನ ಹೊಸ ಚಿತ್ರ ತೆಗೆದು, ಅದರ ಮೇಲೆ ಖಾಲಿ ಲೇಯರ್ ಹಾಕಿ. ಇ ಒತ್ತಿ ಒಂದು ಸೆಲೆಕ್ಷನ್ ಎಳೆದು, ಪೊಸಿಷನ್ 150, 60 ಅಂತಲೂ, ಸೈಜ್ 300, 300 ಅಂತಲೂ ಬರೆಯಿರಿ. ಈಗ ವೃತ್ತದ ಕೇಂದ್ರ 300, 210ರಲ್ಲಿದೆ. ಎಫ್ ಒತ್ತಿ, ಟೂಲ್ ಆಪ್ಷನ್ಸ್‌ನಲ್ಲಿ ‘ಮೋಡ್’ ಎಂಬ ಕಡೆ ನಾಲ್ಕು ಸಣ್ಣ ಗುರುತುಗಳಿವೆಯಲ್ಲ, ಅದರಲ್ಲಿ ಎರಡನೆಯದು ಸೇರಿಸುವುದು, ಅದನ್ನು ಆರಿಸಿ. ಕಿಟಕಿಯ ಕೆಳಗಡೆ ಎಡ ಮೂಲೆಯಲ್ಲಿ ಮೌಸ್ ಎಲ್ಲಿದೆ ಎಂದು ಸಂಖ್ಯೆ ಓಡುತ್ತಿರುತ್ತದೆ, ಅದನ್ನು ನೋಡುತ್ತಾ 168, 280ರಲ್ಲಿ ಒಂದು ಕ್ಲಿಕ್, 432, 280ರಲ್ಲಿ ಇನ್ನೊಂದು, 300, 530ರಲ್ಲಿ ಮೂರನೆಯದು, ಮತ್ತೆ ಮೊದಲ ಚುಕ್ಕೆ, ಎಂಟರ್.

ಈ ಸಂಖ್ಯೆಗಳನ್ನು ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ. ಕೆಳಗಿನ ತುದಿಯಿಂದ ಹೊರಟ ಗೆರೆ ವೃತ್ತವನ್ನು ಬರೀ ಸವರಿಕೊಂಡು ಹೋಗುವುದು ಹೆಚ್ಚುಕಮ್ಮಿ ಆ ಎರಡು ಬಿಂದುಗಳಲ್ಲೇ. ಬದಲಿಗೆ ವೃತ್ತದ ನಟ್ಟನಡುವಿನ ಮಟ್ಟಕ್ಕೆ, ಅಂದರೆ 150, 210 ಮತ್ತು 450, 210ಕ್ಕೆ, ತ್ರಿಕೋನ ಕೂಡಿಸಿದರೆ ಎರಡೂ ಪಕ್ಕದಲ್ಲಿ ಭುಜ ಎದ್ದ ಹಾಗೆ ಒಂದು ಮೂಲೆ ಕಾಣುತ್ತದೆ. ಎರಡನ್ನೂ ಮಾಡಿ ನೋಡಿ, ಕಣ್ಣಿಗೇ ಗೊತ್ತಾಗುತ್ತದೆ.

ಕೆಂಪು ತುಂಬಿ. ಮೋಡ್ ಅನ್ನು ಮೊದಲನೆಯ ಗುರುತಿಗೆ ವಾಪಸ್ ತನ್ನಿ, ಮತ್ತೆ ಇ ಒತ್ತಿ ಒಂದು ಸೆಲೆಕ್ಷನ್ ಎಳೆದು, ಪೊಸಿಷನ್ 240, 150, ಸೈಜ್ 120, 120 ಬರೆಯಿರಿ. ಡಿಲೀಟ್. ತೂತು ಬಂತು, ಅದರ ಮೂಲಕ ಕೆಳಗಿನ ಲೇಯರ್ ಕಾಣುತ್ತದೆ. ಕೆಳಗಿನ ಬಿಳಿ ಲೇಯರ್‌ನ ಕಣ್ಣಿನ ಗುರುತು ಒತ್ತಿ ಮರೆಮಾಡಿದರೆ ಬೂದು ಬಣ್ಣದ ಚೌಕಳಿ ಕಾಣಬೇಕು, ಅಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಅದೇ ಗುರುತು. ಖಾಲಿ ಲೇಯರ್ ಹಾಕದೆ ಹಳೆಯ ಲೇಯರ್ ಮೇಲೇ ಮಾಡಿದ್ದರೆ ಡಿಲೀಟ್ ಒತ್ತಿದಾಗ ತೂತಿನ ಬದಲು ಹಿಂದಿನ ಬಣ್ಣ ತುಂಬಿಕೊಳ್ಳಬಹುದು. ಆಗ ‘ಲೇಯರ್’ ಮೆನುವಿನ ‘ಟ್ರಾನ್ಸ್‌ಪರೆನ್ಸಿ’ಯಲ್ಲಿ ‘ಆ್ಯಡ್ ಆಲ್ಫಾ ಚಾನೆಲ್’ (ಲೇಯರ್ ಪಾರದರ್ಶಕವಾಗಲು ಬಿಡುವುದು) ಕೊಟ್ಟು ಮತ್ತೆ ಮಾಡಿ.

ಮೋಡ್ ವಾಪಸ್ ತರುವುದನ್ನು ಮಾತ್ರ ಮರೆಯಬೇಡಿ. ಕಳೆಯುವ ಮೋಡ್‌ನಲ್ಲೇ ಬಿಟ್ಟು ಹೋದರೆ ಮರುದಿನ ಬಂದು ಎಷ್ಟು ಎಳೆದರೂ ಸೆಲೆಕ್ಷನ್ ಬರುವುದಿಲ್ಲ, ಯಾಕೆಂದರೆ ಏನೂ ಇಲ್ಲದ ಕಡೆಯಿಂದ ಕಳೆಯುವುದಕ್ಕೆ ಏನಿರುತ್ತದೆ? ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆದಿದ್ದೇನೆ. ತಂತ್ರಾಂಶವೇ ಕೆಟ್ಟಿದೆ ಅಂದುಕೊಂಡು ಅಳಿಸಿ, ಮತ್ತೆ ಹಾಕಿಕೊಂಡಿದ್ದೆ.

ನಕ್ಷತ್ರ, ಷಟ್ಕೋನ, ಸುರುಳಿ

ಇವನ್ನು ಕೈಯಲ್ಲಿ ಬಿಡಿಸಬೇಡಿ. ‘ಫಿಲ್ಟರ್ಸ್’, ‘ರೆಂಡರ್’, ಅದರೊಳಗೆ ‘ಜಿಫಿಗ್’. ಬೇರೆ ಕಿಟಕಿ ತೆರೆಯುತ್ತದೆ, ಅಲ್ಲಿ ಬಹುಭುಜ, ನಕ್ಷತ್ರ, ಸುರುಳಿ, ಕಮಾನು ಎಲ್ಲಕ್ಕೂ ಒಂದೊಂದು ಗುರುತು. ಬಹುಭುಜ ಆರಿಸಿ ‘ಸೈಡ್ಸ್’ 6 ಅಂತ ಕೊಟ್ಟು ನಡುವಿನಿಂದ ಹೊರಗೆ ಎಳೆದರೆ ಷಟ್ಕೋನ. ಒಳಗೆ ಬಣ್ಣ ಬೇಕೋ ಬೇಡವೋ ಅಲ್ಲೇ ಹೇಳಬಹುದು. ಕಿಟಕಿ ಹಳೆಯ ಕಾಲದ ಹಾಗೆ ಕಾಣುತ್ತದೆ, ಪರವಾಗಿಲ್ಲ, ಕೆಲಸ ಆಗುತ್ತದೆ.

ಬಳುಕಿನ ಆಕಾರಗಳಿಗೆ ಬಿ ಒತ್ತಿದರೆ ಬರುವ ಪಾತ್ಸ್ ಟೂಲ್ ಇದೆ. ಕ್ಲಿಕ್ ಮಾಡಿದರೆ ಮೂಲೆ, ಕ್ಲಿಕ್ ಮಾಡಿ ಎಳೆದರೆ ಬಾಗು. ಕಂಟ್ರೋಲ್ ಹಿಡಿದು ಮೊದಲ ಚುಕ್ಕೆ ಒತ್ತಿದರೆ ಮುಚ್ಚುತ್ತದೆ, ಎಂಟರ್ ಕೊಟ್ಟರೆ ಸೆಲೆಕ್ಷನ್ ಆಗುತ್ತದೆ. ಕೈ ಕುದುರಲು ಸ್ವಲ್ಪ ದಿನ ಬೇಕು, ಆದರೆ ಕಲಿಯಲೇಬೇಕಾದ ಟೂಲ್ ಇದು. ಪಾತ್ ಅನ್ನು, ಅಂದರೆ ಹೀಗೆ ಬಿಡಿಸಿದ ಗೆರೆಯನ್ನು, ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗುವುದಿಲ್ಲ. ಅದಕ್ಕೇ, ಕಷ್ಟಪಟ್ಟು ಮಾಡಿದ ಸೆಲೆಕ್ಷನ್ ಇದ್ದರೆ ‘ಸೆಲೆಕ್ಟ್’ ಮೆನುವಿನಲ್ಲಿ ‘ಟು ಪಾತ್’ ಕೊಟ್ಟು ಎತ್ತಿಟ್ಟುಕೊಳ್ಳಿ.

ತೊಂದರೆ ಆದಾಗ

ಆಕಾರ ಜರುಗಿಸಲು ಎಂ ಒತ್ತಿ ಎಳೆದರೆ ಹಿಂದಿನ ಫೋಟೋ ಜರುಗುತ್ತಿದೆಯೇ? ಆ ಟೂಲ್ ನೀವು ಕ್ಲಿಕ್ ಮಾಡಿದ ಪಿಕ್ಸೆಲ್ ಯಾವ ಲೇಯರ್‌ನದೋ ಅದನ್ನು ಹಿಡಿಯುತ್ತದೆ. ತೆಳು ಗೆರೆಯ ವೃತ್ತದ ನಡುವೆ ಕ್ಲಿಕ್ ಮಾಡಿದರೆ ಅಲ್ಲಿರುವುದು ಫೋಟೋವೇ ಅಲ್ವಾ. ಆಪ್ಷನ್‌ನಲ್ಲಿ ‘ಮೂವ್ ದಿ ಆ್ಯಕ್ಟಿವ್ ಲೇಯರ್’ ಎಂಬ ಥರದ್ದನ್ನು ಆರಿಸಿ.

ಕೆಂಪು ಕೊಟ್ಟರೆ ಬೂದು ಬರುತ್ತಿದ್ದರೆ ‘ಇಮೇಜ್’, ‘ಮೋಡ್’ ನೋಡಿ. ಅಲ್ಲಿ ‘ಗ್ರೇಸ್ಕೇಲ್’ ಅಥವಾ ‘ಇಂಡೆಕ್ಸ್ಡ್’ ಇದ್ದರೆ ‘ಆರ್‌ಜಿಬಿ’ ಮಾಡಿ. ಇಂಡೆಕ್ಸ್ಡ್‌ನಲ್ಲಿ ಒಟ್ಟು 256 ಬಣ್ಣಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ, ನಿಮ್ಮ ಕೆಂಪು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ ಇನ್ಯಾವುದೋ ಬಣ್ಣ ಬರುತ್ತದೆ. ವೃತ್ತದ ಅಂಚು ಗರಗಸದ ಹಾಗಿದ್ದರೆ ಟೂಲ್ ಆಪ್ಷನ್ಸ್‌ನಲ್ಲಿ ‘ಆ್ಯಂಟಿಏಲಿಯಾಸಿಂಗ್’ (ಅಂಚು ನಯ ಮಾಡುವುದು) ಗುರುತು ಹೋಗಿರುತ್ತದೆ, ಹಾಕಿ.

ಉಳಿಸುವಾಗ ಎರಡು ಸಲ ಉಳಿಸಿ. ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಎಕ್ಸ್‌ಸಿಎಫ್ ಫೈಲ್, ಅದರಲ್ಲಿ ಲೇಯರ್‌ಗಳು, ಪಾತ್‌ಗಳು ಎಲ್ಲ ಇರುತ್ತವೆ, ನಾಳೆ ಬಾಣ ಜರುಗಿಸಬೇಕಾದರೆ ಅದೇ ಬೇಕು. ಬೇರೆಯವರಿಗೆ ಕಳಿಸಲು ಕಂಟ್ರೋಲ್, ಶಿಫ್ಟ್, ಇ ಒತ್ತಿ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪಿಜಿ ಬೇಡ, ಅದರಲ್ಲಿ ಆ ಗುರುತಿನ ತೂತು ಉಳಿಯುವುದಿಲ್ಲ, ಕೆಂಪು ಗೆರೆಯ ಸುತ್ತ ಕೊಳೆ ಮೆತ್ತಿದ ಹಾಗೆ ಕಾಣುವುದೂ ಉಂಟು.

ಲೋಗೊ, ಪೋಸ್ಟರ್ ಥರ ಬರೀ ಆಕಾರಗಳಿಂದಲೇ ಆಗುವ ಕೆಲಸವಿದ್ದರೆ ಗಿಂಪ್ ಬದಲು ಇಂಕ್‌ಸ್ಕೇಪ್ ಹಾಕಿಕೊಳ್ಳಿ. ಅದೂ ಉಚಿತ. ಅಲ್ಲಿ ವೃತ್ತ ಕೊನೆಯವರೆಗೂ ವೃತ್ತವಾಗಿಯೇ ಇರುತ್ತದೆ, ಯಾವಾಗ ಬೇಕಾದರೂ ಹಿಡಿದು ಹಿಗ್ಗಿಸಬಹುದು. ಫೋಟೋ ಅಥವಾ ಸ್ಕ್ರೀನ್‌ಶಾಟ್ ಮೇಲೆ ಒಂದೆರಡು ಗುರುತು ಹಾಕುವುದಕ್ಕೆ ಗಿಂಪ್ ಸಾಕು.